ಕಾಲಿನ ಗಾಯ, ತುಪ್ಪಳದ ಬೆಲೆ



ಶಾಸ್ತ್ರಪಂಡಿತರ ಸಾಲಿನಲ್ಲಿ ನಿಂತು ಮಾತನಾಡುವ ಯೋಗ್ಯತೆ ನನ್ನದಲ್ಲ. ತಕ್ಕಡಿ ಹಿಡಿದು ಬಾಳಿದವನು. ಆದುದರಿಂದ ಜೀವಹಿಂಸೆಯನ್ನೇ ತೂಗಲು ಹೊರಟವರ ಒಂದು ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ.

ಅಮೆರಿಕ, ಕೆನಡಾಗಳಲ್ಲಿ ನರಿ, ರಕೂನ್, ತೋಳನ ಬಳಗದ ಕಯೋಟ್ ಮುಂತಾದವನ್ನು ತುಪ್ಪಳಕ್ಕಾಗಿ ಹಿಡಿಯಲು ಉಕ್ಕಿನ ಕತ್ತರಿಯನ್ನು ಒಡ್ಡುವರು. ನಮ್ಮ ಇಲಿಕತ್ತರಿಯಂತೆ ಅದು ಕೊಲ್ಲುವುದಿಲ್ಲ. ಎರಡು ದವಡೆಗಳ ನಡುವೆ ಪಾದವನ್ನು ಹಿಡಿದು ನಿಲ್ಲಿಸುತ್ತದೆ. ಒಡ್ಡಿದವನು ಬರುವವರೆಗೆ ಪ್ರಾಣಿಯು ಅಲ್ಲಿಯೇ ಒದ್ದಾಡಬೇಕು.

ಈ ಕತ್ತರಿಯ ಗುಣವನ್ನು ಪೇಟೆಯಿಂದ ತಿಳಿಯಲಾಗದು. ತುಪ್ಪಳದ ವರ್ತಕನು ನೋಡುವುದು ಕೂದಲಿನ ದಟ್ಟಣೆ, ಚರ್ಮದ ಅಳತೆ, ಹರಕು, ಸವಕಲು. ಪಾದವನ್ನಾದರೋ ಸುಲಿಯುವಾಗಲೇ ಬಹುಮಟ್ಟಿಗೆ ಕತ್ತರಿಸಿ ಎಸೆಯುವರು. ಮೂಳೆ ಮುರಿದಿದ್ದರೂ ತುಪ್ಪಳ ಮೊದಲ ದರ್ಜೆಯದೇ! ಗಿರಾಕಿ ನೋಡದ ಕಡೆಯ ದೋಷವನ್ನು ತಾನಾಗಿ ತೋರಿಸುವ ವ್ಯಾಪಾರಿ ವಿರಳನೆಂಬುದು ನಮ್ಮವರಿಗೆ ತಿಳಿಯದ್ದಲ್ಲ.

ಆದಕಾರಣ ಗಾಯವನ್ನು ಬೇರೆಯಾಗಿ ಅಳೆಯುವ ಕ್ರಮ ಬಂದಿತು. 1999ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಪರೀಕ್ಷಾವಿಧಿಯನ್ನು ಪ್ರಕಟಿಸಿತು. ಹಿಡಿದ ಪ್ರಾಣಿಯ ದೇಹವನ್ನು ಪರೀಕ್ಷಿಸಿ ಅಂಕ ಹಾಕುತ್ತಾರೆ: ಉಗುರು ಕಿತ್ತರೆ 2, ಬಾವು ಬಂದರೆ 5, ಒಂದು ಬೆರಳು ತುಂಡಾದರೆ 25, ಕಬ್ಬಿಣವನ್ನು ಕಚ್ಚಿ ಹಲ್ಲು ಒಳತಿರುಳಿನವರೆಗೆ ಮುರಿದರೆ 30, ಸತ್ತರೆ 100. ಅಮೆರಿಕದ ಪರೀಕ್ಷಕರು ಸರಾಸರಿ 55ನ್ನು ಮೀರದ ಕತ್ತರಿಗೆ ಒಪ್ಪಿಗೆ ಕೊಡುತ್ತಾರೆ. ನೂರಕ್ಕೆ 70 ಪ್ರಾಣಿಗಳಿಗೆ ತೀವ್ರ ಗಾಯವಾಗಿರಬಾರದೆಂಬ ಮಾತೂ ಜೊತೆಗಿದೆ.

ಈ ಸರಾಸರಿಯೇ ನನ್ನನ್ನು ಕಾಡುವುದು. ಒಂದಕ್ಕೆ 100, ಇನ್ನೊಂದಕ್ಕೆ 10 ಬಂದರೆ ಸರಾಸರಿ 55. ಅಂಗಡಿಯಲ್ಲಿ ಒಂದು ಮೂಟೆಯ ನಷ್ಟವನ್ನು ಮತ್ತೊಂದರ ಲಾಭದಲ್ಲಿ ತುಂಬಿಕೊಳ್ಳಬಹುದು. ಸತ್ತ ನರಿಯ ಲೆಕ್ಕವನ್ನು ಬಾವು ಬಂದ ನರಿಯ ಖಾತೆಗೆ ಬರೆಯುವುದು ಹೇಗೆ?

ಹಾಗೆಂದು ಈ ಅಳತೆಯನ್ನು ವ್ಯರ್ಥವೆನ್ನಲಾರೆ. ದವಡೆಗೆ ರಬ್ಬರಿನ ಮೆತ್ತೆ, ಸರಪಳಿಯಲ್ಲಿ ಕಾಲು ತಿರುಚದಂತೆ ತಿರುಗುವ ಕೊಂಡಿ, ಇವು ಗಾಯವನ್ನು ತಗ್ಗಿಸುತ್ತವೆ. ಯುರೋಪಿನ ರಾಷ್ಟ್ರಗಳ ಸಮುದಾಯವಾದರೋ 1991ರಲ್ಲಿಯೇ ಕಾಲುಕತ್ತರಿಯ ಬಳಕೆಯನ್ನು ತನ್ನಲ್ಲಿ ನಿಲ್ಲಿಸುವ ನಿಯಮ ಮಾಡಿತು. ನಮ್ಮ 1972ರ ವನ್ಯಜೀವಿ ಕಾಯಿದೆಯಲ್ಲಿ ಬಲೆ, ಬೋನು ಒಡ್ಡುವುದೂ ಬೇಟೆಯೇ.

ನಮ್ಮ ಮಕ್ಕಳು ಓದಿಗೆಂದು ಚಳಿದೇಶಗಳಿಗೆ ಹೋಗಿದ್ದಾರೆ. ಅಲ್ಲಿ ಕೋಟಿನ ಟೊಪ್ಪಿಗೆಯ ಅಂಚಿಗೆ ಕಯೋಟಿನ ತುಪ್ಪಳ ಹೊಲಿಯುವುದುಂಟು. ಕೊಳ್ಳುವ ಮುನ್ನ ಅದು ಯಾವ ಪ್ರಾಣಿಯದು, ಹೇಗೆ ಹಿಡಿದದ್ದು ಎಂದು ಕೇಳುವಂತೆ ಈ ವಾರವೇ ಅವರಿಗೆ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ.