ಹಾಲು ಒಗ್ಗದ ಮಕ್ಕಳು

ಮಗುವು ಹಾಲಿನ ಲೋಟವನ್ನು ದೂರ ನೂಕಿದರೆ ನಾವು ಅದನ್ನು ಹಠವೆನ್ನುತ್ತೇವೆ. ಕುಡಿದ ಮೇಲೆ ಹೊಟ್ಟೆ ನೋಯುತ್ತದೆಂದರೆ ಶಾಲೆ ತಪ್ಪಿಸುವ ನೆವವೆನ್ನುತ್ತೇವೆ. ಕೆಲವು ವೇಳೆ ಅದು ನಿಜವೂ ಆಗಿರಬಹುದು. ಆದರೆ ಕೆಲವು ಮಕ್ಕಳಲ್ಲಿ ಅದು ಹಠವೂ ಅಲ್ಲ, ನೆವವೂ ಅಲ್ಲ, ದೇಹಧರ್ಮ. ಆ ಮಕ್ಕಳ ಪರವಾಗಿ ಎರಡು ಮಾತನಾಡುವುದೇ ಈ ಭಾಷಣದ ಉದ್ದೇಶ.

ಹಾಲಿನಲ್ಲಿ ಒಂದು ಬಗೆಯ ಸಕ್ಕರೆಯುಂಟು. ಶಾಸ್ತ್ರಜ್ಞರು ಅದನ್ನು ಲ್ಯಾಕ್ಟೋಸ್ ಎನ್ನುತ್ತಾರೆ. ಇದ್ದಂತೆಯೇ ಅದು ರಕ್ತವನ್ನು ಸೇರಲಾರದು. ಸಣ್ಣ ಕರುಳಿನ ಒಳಪೊರೆಯಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವವು ಅದನ್ನು ಒಡೆಯಬೇಕು. ಎಳೆಯ ಕೂಸಿನಲ್ಲಿ ಈ ಕಿಣ್ವವು ಯಥೇಚ್ಛವಾಗಿರುತ್ತದೆ. ಮೊಲೆಹಾಲು ಬಿಟ್ಟ ಬಳಿಕ, ಪ್ರಪಂಚದ ಬಹುಪಾಲು ಜನರಲ್ಲಿ ಅದು ಕ್ರಮೇಣ ಕುಗ್ಗುತ್ತದೆ. ಉತ್ತರ ಯೂರೋಪಿನವರಲ್ಲಿ ಅದು ಜೀವಮಾನವೆಲ್ಲ ಉಳಿಯುವುದು ಸಾಮಾನ್ಯ. ಭಾರತದಲ್ಲಿ ಉತ್ತರದವರಿಗಿಂತ ದಕ್ಷಿಣದವರಲ್ಲಿ ಹಾಗೆ ಉಳಿಯುವುದು ಕಡಿಮೆ. ಆದಕಾರಣ ಇದನ್ನು ರೋಗವೆಂದು ಭಯಪಡತಕ್ಕದ್ದಿಲ್ಲ. ಒಡೆಯದೆ ಉಳಿದ ಸಕ್ಕರೆಯು ದೊಡ್ಡ ಕರುಳಿಗಿಳಿದು ನೀರನ್ನು ಸೆಳೆಯುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುಳಿಯಿಸಿ ವಾಯುವನ್ನುಂಟುಮಾಡುತ್ತವೆ. ಹೊಟ್ಟೆಯುಬ್ಬರ, ನುಲಿತ, ಭೇದಿಗಳು ಬರುವುದು ಹೀಗೆ.

ಹಾಗಾದರೆ ಹಾಲನ್ನೇ ಬಿಡಿಸಬೇಕೆ? ಅವಸರ ಕೂಡದು. ಕರ್ನಾಟಕದಲ್ಲಿ 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯು ಶಾಲೆಯ ಮಗುವೊಂದಕ್ಕೆ, 18 ಗ್ರಾಂ ಹಾಲಿನ ಪುಡಿಯಿಂದ ಮಾಡಿದ 150 ಮಿಲಿಲೀಟರ್ ಹಾಲನ್ನು ಗೊತ್ತುಮಾಡಿತು. ಅದರಲ್ಲಿ ಲ್ಯಾಕ್ಟೋಸ್ ಸುಮಾರು 7 ಗ್ರಾಂ ಮಾತ್ರ. ಕಿಣ್ವ ಕುಗ್ಗಿದವರಲ್ಲಿಯೂ ಹೆಚ್ಚಿನವರು ಒಂದು ಸಲಕ್ಕೆ 12 ಗ್ರಾಮಿನಷ್ಟನ್ನು ತಾಳಬಲ್ಲರೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಆದುದರಿಂದ ಆ ಒಂದು ಲೋಟವು ಬಹುಮಂದಿ ಮಕ್ಕಳಿಗೆ ಹಿತವೇ. ಬರಿಹೊಟ್ಟೆಯಲ್ಲಿ ಕುಡಿಯುವುದಕ್ಕಿಂತ ತಿಂಡಿಯೊಡನೆ ಕುಡಿದರೆ ಇನ್ನೂ ಲೇಸು. ಏನೂ ತಿನ್ನದೆ ಶಾಲೆಗೆ ಬಂದ ಮಗುವಿನ ಸಂಕಟಕ್ಕೆ ಹಾಲನ್ನು ದೂರುವ ಮುನ್ನ ಹಸಿವನ್ನು ವಿಚಾರಿಸಬೇಕು.

ಅಷ್ಟೂ ಒಗ್ಗದ ಮಕ್ಕಳು ಕೆಲವರುಂಟು. ಅವರನ್ನು ಬಲಾತ್ಕರಿಸುವುದು ಅನ್ಯಾಯ. ಹಾಲು ಬಿಡಿಸಿ ಬದಲಿಗೆ ಏನನ್ನೂ ಕೊಡದಿರುವುದು ಅದಕ್ಕಿಂತ ದೊಡ್ಡ ಅನ್ಯಾಯ. ಏಕೆಂದರೆ ಮೂಳೆ ಬೆಳೆಯುವ ವಯಸ್ಸು ಮತ್ತೆ ಬಾರದು. ಇಂಥವರಿಗೆ ಮೊಸರು ಮಜ್ಜಿಗೆಗಳು ಸಾಮಾನ್ಯವಾಗಿ ಒಗ್ಗುತ್ತವೆ. ಹೆಪ್ಪಿನ ಸೂಕ್ಷ್ಮಜೀವಿಗಳು ಸಕ್ಕರೆಯ ಒಂದು ಭಾಗವನ್ನು ಮೊದಲೇ ಮುಗಿಸಿರುತ್ತವೆ. ನಮ್ಮ ರಾಗಿಯ 100 ಗ್ರಾಮಿನಲ್ಲಿ ಸುಣ್ಣದಂಶವು ಸುಮಾರು 350 ಮಿಲಿಗ್ರಾಂ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120. ರಾಗಿಯದೆಲ್ಲವೂ ದೇಹಕ್ಕೆ ದಕ್ಕುವುದಿಲ್ಲವೆಂಬುದು ನಿಜ. ಮೊಳಕೆ ಬರಿಸಿ ಹಿಟ್ಟುಮಾಡಿದರೆ ಹೆಚ್ಚು ದಕ್ಕುತ್ತದೆ. ಎಳ್ಳು, ನುಗ್ಗೆಸೊಪ್ಪುಗಳೂ ಸುಣ್ಣದಂಶಕ್ಕೆ ನೆರವಾಗುತ್ತವೆ; ಬೇಳೆಕಾಳುಗಳು ಪ್ರೋಟೀನಿನ ಕೊರತೆಯನ್ನು ತುಂಬುತ್ತವೆ.

ಇನ್ನೊಂದು ಎಚ್ಚರಿಕೆ. ಹಾಲು ಕುಡಿದೊಡನೆ ಮೈಮೇಲೆ ದದ್ದು, ತುಟಿ ಊತ, ಉಬ್ಬಸ ಕಂಡರೆ ಅದು ಬೇರೆ ವಿಷಯ. ಹಾಲಿನ ಪ್ರೋಟೀನಿನಿಂದಾಗುವ ಅಲರ್ಜಿಯಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಬೇಕು. ಭೇದಿಯ ಕಾಯಿಲೆಯಾದ ಮೇಲೆ ಕೆಲವು ದಿನ ಹಾಲು ಒಗ್ಗದಿರುವುದೂ ಉಂಟು. ಕರುಳು ಮಾಗಿದಂತೆ ಅದು ಸರಿಹೋಗುತ್ತದೆ.

ತಂದೆತಾಯಿಗಳಲ್ಲಿಯೂ ಉಪಾಧ್ಯಾಯರಲ್ಲಿಯೂ ನಮ್ಮ ಪ್ರಾರ್ಥನೆ ಇಷ್ಟೆ: ಮಗುವು ಹೊಟ್ಟೆನೋವೆಂದಾಗ ಗದರಿಸುವ ಮೊದಲು, ಏನು ತಿಂದೆ, ಎಷ್ಟು ಕುಡಿದೆ, ಯಾವಾಗ ನೋವು ಬಂತು ಎಂದು ಕೇಳಿರಿ. ಎರಡು ವಾರ ಈ ಉತ್ತರಗಳನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿದರೆ, ಹಠ ಯಾವುದು, ಹೊಟ್ಟೆಯ ದೂರು ಯಾವುದು ಎಂಬುದನ್ನು ತಿಳಿಯುವುದು ಸುಲಭವಾಗುತ್ತದೆ.