ಅಳೆಯಲು ಬಂದ ಎದುರಾಳಿಗಳು

ಬೈಜಿಕ ಸಮ್ಮಿಳನದ ಸೋವಿಯತ್ ಪ್ರಯೋಗಗಳನ್ನು 1951ರಿಂದ 1973ರಲ್ಲಿ ತೀರಿಕೊಳ್ಳುವವರೆಗೆ ಮುನ್ನಡೆಸಿದ ಲೆವ್ ಆರ್ಟ್ಸಿಮೊವಿಚ್ ಅವರ ದೊಡ್ಡ ಕೊಡುಗೆ ಟೋಕಮಾಕ್ ಯಂತ್ರ ಎನ್ನುವುದು ವಾಡಿಕೆ. ಆದರೆ ಪ್ಲಾಸ್ಮಾವನ್ನು, ಎಂದರೆ ವಿದ್ಯುದಾವೇಶದ ಕಣಗಳ ಅತಿಬಿಸಿ ಅನಿಲವನ್ನು, ಕಾಂತಕ್ಷೇತ್ರದ ಬಳೆಯೊಳಗೆ ಹಿಡಿದಿಡುವ ಮೂಲ ಕಲ್ಪನೆ ಸೋವಿಯತ್ ಭೌತವಿಜ್ಞಾನಿಗಳಾದ ಸಖರೋವ್ ಮತ್ತು ತಾಮ್ ಅವರದು. ಆರ್ಟ್ಸಿಮೊವಿಚ್ ಅದಕ್ಕಿಂತ ಅಪರೂಪದ ಕೆಲಸ ಮಾಡಿದರು, ತಮ್ಮ ಫಲಿತಾಂಶವನ್ನು ಪರರ ಪರೀಕ್ಷೆಗೆ ಒಡ್ಡಿದರು. 1968ರ ನೊವೊಸಿಬಿರ್ಸ್ಕ್ ಸಮ್ಮೇಳನದಲ್ಲಿ ಅವರು ತಮ್ಮ ಟಿ-3 ಟೋಕಮಾಕ್‌ನೊಳಗಿನ ಪ್ಲಾಸ್ಮಾದ ಉಷ್ಣತೆ ಸುಮಾರು 1 ಕೋಟಿ ಡಿಗ್ರಿ ಎಂದಾಗ ಪಶ್ಚಿಮದ ಹಲವರು ನಂಬಲಿಲ್ಲ. ಅಳತೆ ಪರೋಕ್ಷವಾಗಿತ್ತು, ಅನುಮಾನ ನ್ಯಾಯವಾದದ್ದೇ. ಶೀತಲ ಸಮರದ ನಡುವೆಯೂ ಆರ್ಟ್ಸಿಮೊವಿಚ್ ಅವರ ಆಹ್ವಾನದ ಮೇಲೆ ಬ್ರಿಟನ್ನಿನ ಕಲ್ಹಮ್ ಪ್ರಯೋಗಾಲಯದ ತಂಡ ಲೇಸರ್ ಉಪಕರಣದೊಂದಿಗೆ ಮಾಸ್ಕೋಗೆ ಬಂತು. ಪ್ಲಾಸ್ಮಾದೊಳಗೆ ಬೆಳಕು ಹಾಯಿಸಿ, ಎಲೆಕ್ಟ್ರಾನುಗಳಿಂದ ಚದುರಿದ ಬೆಳಕಿನ ಬಣ್ಣ ಎಷ್ಟು ಹರಡಿದೆ ಎಂದು ನೋಡಿದರೆ ಉಷ್ಣತೆ ತಿಳಿಯುತ್ತದೆ. 1969ರಲ್ಲಿ ಆ ಅಳತೆ ಸೋವಿಯತ್ ಲೆಕ್ಕವನ್ನು ಎತ್ತಿಹಿಡಿಯಿತು. ಮರುವರ್ಷವೇ ಅಮೆರಿಕದ ಪ್ರಿನ್ಸ್‌ಟನ್ ಪ್ರಯೋಗಾಲಯ ಇನ್ನೊಂದು ಬಗೆಯ ಸಮ್ಮಿಳನ ಯಂತ್ರವಾದ ತನ್ನ ಸ್ಟೆಲರೇಟರನ್ನು ಟೋಕಮಾಕ್ ಆಗಿ ಮಾರ್ಪಡಿಸಿತು.

ಇಷ್ಟಾದರೂ ಸಮ್ಮಿಳನದ ವಿದ್ಯುತ್ತು ಒಂದು ಮನೆಯ ದೀಪವನ್ನೂ ಬೆಳಗಿಲ್ಲವಲ್ಲ ಎಂಬ ಆಕ್ಷೇಪ ನಿಜ, ಅದನ್ನು ಅಲ್ಲಗಳೆಯಬೇಕಿಲ್ಲ. 1997ರಲ್ಲಿ ಇಂಗ್ಲೆಂಡಿನ ಜೆಟ್ ಟೋಕಮಾಕ್ 16 ಮೆಗಾವಾಟ್ ಸಮ್ಮಿಳನ ಶಕ್ತಿ ಹೊಮ್ಮಿಸಿತು. ಪ್ಲಾಸ್ಮಾ ಬಿಸಿಮಾಡಲು 24 ಮೆಗಾವಾಟ್ ಬೇಕಾಯಿತು ಎಂಬುದನ್ನೂ ವಿಜ್ಞಾನಿಗಳು ಜೊತೆಗೇ ಹೇಳಿದರು. ಕೊರತೆಯನ್ನೂ ಹೀಗೆ ಅಳೆದು ಮುಂದಿಡುವ ಕ್ಷೇತ್ರವನ್ನು ಮರೀಚಿಕೆ ಎನ್ನಲಾಗದು. ಆ ಯಂತ್ರದ ಹಾದಿ ಇಂದೂ ಮುಂದುವರಿದಿದೆ: ಗಾಂಧಿನಗರದ ಆದಿತ್ಯ, ಭಾರತವೂ ಪಾಲುದಾರನಾಗಿ ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಈಟರ್, ಎರಡೂ ಟೋಕಮಾಕ್‌ಗಳೇ.