ಬಸಿಗಾಲುವೆ ಇಲ್ಲದ ತೊಟ್ಟಿ

ವೇದಿಕೆಯ ಮೇಲಿರುವ ಪ್ರಾಚಾರ್ಯರೇ, ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದಿರುವ ಗೆಳೆಯರೇ, ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳೇ, ರಾಯಚೂರು ಕೃಷಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ, ಸಿಂಧನೂರು, ಲಿಂಗಸುಗೂರು, ಮಸ್ಕಿಯಿಂದ ತಮ್ಮ ಮನೆಯ ತೊಟ್ಟಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಬಂದಿರುವ ಎಲ್ಲರಿಗೂ ನಮಸ್ಕಾರ. ಬಾಟಲಿ ತಂದವರನ್ನು ಕೊನೆಗೆ ಹೆಸರಿಸಿದೆ, ಬೇಸರ ಬೇಡ. ಇವತ್ತಿನ ವಿಚಾರ ಸಂಕಿರಣದ ಸರಕು ಇರುವುದು ನಿಮ್ಮ ಕೈಯಲ್ಲೇ.

ಆಹ್ವಾನ ಪತ್ರಿಕೆಯಲ್ಲಿ ನನ್ನ ಭಾಷಣಕ್ಕೆ ‘ಗೃಹ ಅಕ್ವಾಪೋನಿಕ್ಸ್‌ನಲ್ಲಿ ಮೀನಿನ ಆರೋಗ್ಯ ಮತ್ತು ನೀರಿನ ಗುಣಮಟ್ಟ’ ಎಂಬ ಶೀರ್ಷಿಕೆ ಕೊಟ್ಟಿದ್ದೀರಿ. ಆ ಎರಡನ್ನು ಹಿಂದುಮುಂದು ಮಾಡಿದ್ದರೆ ನಾನು ಇಷ್ಟು ಹೊತ್ತು ಮಾತಾಡುವ ಅಗತ್ಯವೇ ಇರುತ್ತಿರಲಿಲ್ಲ.

ಇಲ್ಲಿಂದ ಸ್ವಲ್ಪ ದೂರದಲ್ಲಿ, ಸಿಂಧನೂರಿನ ಬಳಿ, ಆರ್.ಎಚ್. ಎಂದು ಕರೆಯುವ ಪುನರ್ವಸತಿ ಕ್ಯಾಂಪುಗಳಿವೆ. 1970ರ ಆಸುಪಾಸಿನಲ್ಲಿ ಪೂರ್ವ ಬಂಗಾಳದ ನಿರಾಶ್ರಿತರಿಗೆ ಸರ್ಕಾರ ಇಲ್ಲಿ ನೆಲೆ ಕೊಟ್ಟಿತು. ಎರೆಮಣ್ಣಿನ ಜೋಳದ ಸೀಮೆಗೆ ಮೀನಿನ ಹೊಂಡದ ಲೆಕ್ಕಾಚಾರವನ್ನು ಜೊತೆಗೆ ತಂದವರು ಅವರು. ಒಂದು ಬೆಳಗಿನ ಜಾವ ಅಂಥ ಒಂದು ಕ್ಯಾಂಪಿನ ಹೊಂಡದ ದಡದಲ್ಲಿ ನಿಂತಿದ್ದೆ. ರೋಹು, ಕಾಟ್ಲಾ ಎಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಮಾಲೀಕರ ಮಗ ಮೊಬೈಲಿನಲ್ಲಿ ಫೋಟೊ ಹೊಡೆದು ಔಷಧದ ಅಂಗಡಿಗೆ ಕಳಿಸುತ್ತಿದ್ದ. ಅವನ ಅಜ್ಜ ಧೋತರ ಮೇಲೆತ್ತಿ ನೀರಿಗಿಳಿದರು. ಅಂಗೈ ಬಿಚ್ಚಿ ತೋಳನ್ನು ಮೊಣಕೈವರೆಗೆ ಮುಳುಗಿಸಿದರು. ಅರ್ಧಕ್ಕೇ ಅಂಗೈ ಕಾಣದಾಯಿತು, ನೀರು ಅಷ್ಟು ಹಸಿರುಗಟ್ಟಿತ್ತು. ಮೊಮ್ಮಗನಿಗೆ ಬಿದಿರು ಕೊಟ್ಟು ನೀರನ್ನು ಬಡಿಯಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಐವತ್ತು ವರ್ಷದಲ್ಲಿ ಕಲಿತ ಅಚ್ಚ ಸಿಂಧನೂರು ಕನ್ನಡದಲ್ಲಿ, “ಮೀನಿಗೆ ಏನೂ ಆಗಿಲ್ರಿ, ನೀರಿಗೆ ಏನಾಗ್ಯಾದ ನೋಡ್ರಿ ಮೊದ್ಲ” ಅಂದರು.

ನಮ್ಮ ಶಾಸ್ತ್ರ ದಾರಿ ತಪ್ಪಿದ್ದು ಇಲ್ಲಿಯೇ ಎಂಬುದು ನನ್ನ ಹಳೆಯ ವಾದ. ನಾವು ಮೀನನ್ನು ರೋಗಿ ಮಾಡಿದೆವು, ನೀರನ್ನು ಆಸ್ಪತ್ರೆಯ ಗೋಡೆಯಂತೆ ಹಿಂದಕ್ಕೆ ಬಿಟ್ಟೆವು. ಹೊಟ್ಟೆಯ ಮೇಲೆ ಕೆಂಪು ಚುಕ್ಕೆ ಕಂಡರೆ ಏರೊಮೊನಾಸ್, ಮೈಗೆ ಅಂಟಿದ ಹೇನು ಕಂಡರೆ ಆರ್ಗ್ಯುಲಸ್, ಹೆಸರು ಹೇಳಿದ ತಕ್ಷಣ ಔಷಧ. ಈ ರೋಗಗಳು ಸುಳ್ಳಲ್ಲ. ಅವುಗಳ ಮೇಲೆ ಜೀವ ತೇದವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಮಧ್ಯಾಹ್ನದ ಗೋಷ್ಠಿಯಲ್ಲಿ ಅವರೇ ಹೇಳುತ್ತಾರೆ. ಆದರೆ ಮಾಳಿಗೆಯ ಮೇಲೆ ಸಾವಿರ ಲೀಟರಿನ ತೊಟ್ಟಿ ಇಟ್ಟು ಮೀನು ಸಾಕಿ, ಅದೇ ನೀರಲ್ಲಿ ಮೆಂತ್ಯ, ಪುಂಡಿಪಲ್ಲೆ ಬೆಳೆಯುವ ಅಕ್ವಾಪೋನಿಕ್ಸ್‌ನವರ ಕಷ್ಟ ಬೇರೆ. ಅಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಸುರಿದರೆ ಹೇನಿನ ಜೊತೆ ಜಲ್ಲಿಕಲ್ಲಿನ ಮೇಲೆ ಕೂತ ಬ್ಯಾಕ್ಟೀರಿಯಾ ಕೂಡ ಸಾಯುತ್ತವೆ. ಮೀನಿನ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡಿ ಗಿಡಕ್ಕೆ ಉಣಿಸುವ ಜೀವಿಗಳು ಅವೇ. ಔಷಧ ಹಾಕಿದ ಕೆಲವೇ ದಿನಕ್ಕೆ ಅಮೋನಿಯಾ ಏರಿ ಮೀನು ಸಾಯುತ್ತದೆ. ಆಗ ರೋಗ ಜೋರಾಗಿತ್ತು ಅನ್ನುತ್ತೇವೆ, ಇನ್ನೊಂದು ಡೋಸ್ ಹಾಕುತ್ತೇವೆ.

ನೀರಿಗೆ ಬರೋಣ. ಅಮೋನಿಯಾ ನೀರಲ್ಲಿ ಎರಡು ರೂಪದಲ್ಲಿರುತ್ತದೆ. ಒಂದು ಮೀನಿಗೆ ಹೆಚ್ಚು ಬಾಧೆ ಕೊಡದು, ಇನ್ನೊಂದು ಕಿವಿರು ಸುಡುತ್ತದೆ. ಯಾವುದು ಎಷ್ಟು ಎಂಬುದನ್ನು ಪಿಎಚ್ ಮತ್ತು ಶಾಖ ತೀರ್ಮಾನಿಸುತ್ತವೆ. 30 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷದ ರೂಪ ಶೇ. 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಶೇ. 7ರ ಮೇಲೆ. 8.5 ಆದರೆ ಶೇ. 20. ಪರೀಕ್ಷೆಯ ಕಿಟ್ ಎರಡು ಮನೆಯಲ್ಲೂ ಒಂದೇ ಹಸಿರು ಬಣ್ಣ ತೋರಿಸುತ್ತದೆ. ಮಂಗಳೂರಿನ ಮನೆಯಲ್ಲಿ ಮೀನು ಆಡಿಕೊಂಡಿರುತ್ತದೆ, ಲಿಂಗಸುಗೂರಿನ ಮನೆಯಲ್ಲಿ ತೇಲುತ್ತದೆ. ಕರಾವಳಿಯ ಗೆಳೆಯರು ನಗುತ್ತಿದ್ದೀರಿ. ನಿಮ್ಮ ಜಂಬಿಟ್ಟಿಗೆಯ ಮೆದು ನೀರಿನಲ್ಲಿ ಕಲಿತ ಪಾಠವನ್ನು ನಮ್ಮ ಎರೆಸೀಮೆಯ ಬೋರು ನೀರಿಗೆ ಹಾಗೇ ಅನ್ವಯಿಸಿದ್ದರಲ್ಲಿ ನಿಮ್ಮ ಪಾಲೂ ಇದೆ. ಹೊಂಡಕ್ಕೆ ಸುಣ್ಣ ಹಾಕಿ ಎಂಬ ಸಲಹೆ ನಿಮ್ಮ ಹುಳಿ ಮಣ್ಣಿಗೆ ಸರಿ. ಮೊದಲೇ 8.4 ಇರುವ ನೀರಿಗೆ ಸುಣ್ಣ ಯಾಕೆ ಸ್ವಾಮಿ?

ನಾವೆಲ್ಲ ಕಣ್ಣಿಗೊತ್ತಿಕೊಳ್ಳುವ ಲೆಕ್ಕ ವರ್ಜಿನ್ ಐಲೆಂಡ್ಸ್ ವಿಶ್ವವಿದ್ಯಾಲಯದ ಜೇಮ್ಸ್ ರಕೋಸಿಯವರದು: ಗಿಡದ ಒಂದು ಚದರ ಮೀಟರಿಗೆ ದಿನಕ್ಕೆ 60ರಿಂದ 100 ಗ್ರಾಂ ಮೀನಿನ ಆಹಾರ. ದೊಡ್ಡ ಕೆಲಸ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಆ ದ್ವೀಪದ ತೊಟ್ಟಿಗಳಲ್ಲಿದ್ದದ್ದು ಮಳೆನೀರು. ಅವರಲ್ಲಿ ಪಿಎಚ್ ಇಳಿಯುತ್ತಿತ್ತು, ಸುಣ್ಣ ಮತ್ತು ಪೊಟ್ಯಾಶ್‌ನ ಕ್ಷಾರ ಹಾಕಿ ಏರಿಸುತ್ತಿದ್ದರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2014ರಲ್ಲಿ ತಂದ ಕೈಪಿಡಿ ಕೂಡ ಮೊದಲು ನೀರಿನ ಮೂಲ ನೋಡಿ ಎನ್ನುತ್ತದೆ. ನಾವು ಆ ಪುಟ ಬಿಟ್ಟು ಪೈಪಿನ ಚಿತ್ರ ಇರುವ ಪುಟಕ್ಕೆ ಹೋದೆವು.

ಇನ್ನು ‘ಹನಿ ನೀರೂ ಹೊರಗೆ ಹೋಗದ ಪದ್ಧತಿ’ ಎಂಬ ಜಾಹೀರಾತು. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ನಿಂತು ಈ ಮಾತು ಆಡುವವರಿಗೆ ಧೈರ್ಯ ಬೇಕು. ಈ ಕಾಲುವೆ ಜೋಳ, ಹತ್ತಿ, ಶೇಂಗಾದಂಥ ಬೆಳೆಗೆ ಅರೆನೀರು ಕೊಡಲು ಯೋಜಿಸಿದ್ದು. ನೀರು ಬಂತು, ಭತ್ತ ಬಂತು, ಬಸಿಗಾಲುವೆ ಬರಲಿಲ್ಲ. ನೀರು ಆವಿಯಾಯಿತು, ಉಪ್ಪು ನೆಲದಲ್ಲಿ ಉಳಿಯಿತು. ಅಚ್ಚುಕಟ್ಟಿನಲ್ಲಿ ಸವಳು-ಜವಳಾದ ನೆಲ ಸುಮಾರು 96 ಸಾವಿರ ಹೆಕ್ಟೇರ್ ಎಂಬ ಲೆಕ್ಕವಿದೆ. ಗಂಗಾವತಿಯ ಮಿತ್ರರು ನೆಲದಡಿ ಕೊಳವೆ ಹೂತು ಉಪ್ಪು ಬಸಿಯುವ ಕೆಲಸದಲ್ಲಿ ವರ್ಷಗಟ್ಟಲೆ ಬೆವರು ಸುರಿಸಿದ್ದಾರೆ. ಅದೇ ಊರಲ್ಲಿ, ಅದೇ ತಪ್ಪನ್ನು, ಈಗ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಮಾಡಿ ಅದಕ್ಕೆ ನೀರುಳಿತಾಯ ಎಂದು ಹೆಸರಿಟ್ಟಿದ್ದೇವೆ.

ಒಂದು ಸಣ್ಣ ಲೆಕ್ಕ ಹಾಕೋಣ. ಸಾವಿರ ಲೀಟರಿನ ತೊಟ್ಟಿ. ಬೇಸಿಗೆಯಲ್ಲಿ ಆವಿ ಮತ್ತು ಗಿಡ ಸೇರಿ ದಿನಕ್ಕೆ 25 ಲೀಟರ್ ಹೋಗುತ್ತದೆ ಅನ್ನಿ. ಲೀಟರಿಗೆ ಒಂದೂವರೆ ಗ್ರಾಂ ಲವಣ ಇರುವ ಬೋರು ನೀರಿನಿಂದ ಅದನ್ನು ತುಂಬುತ್ತೀರಿ. ದಿನಕ್ಕೆ 37 ಗ್ರಾಂ ಲವಣ ಒಳಗೆ ಬಂತು. ನೂರು ದಿನಕ್ಕೆ ಮೂರೂಮುಕ್ಕಾಲು ಕಿಲೊ. ಸ್ವಲ್ಪ ಸುಣ್ಣವಾಗಿ ಪೈಪಿಗೆ ಹತ್ತುತ್ತದೆ, ಸ್ವಲ್ಪ ಗಿಡ ಉಣ್ಣುತ್ತದೆ. ಸೋಡಿಯಂ, ಕ್ಲೋರೈಡ್ ಎಲ್ಲಿಗೂ ಹೋಗುವುದಿಲ್ಲ. ಮೊದಲು ಬೀನ್ಸ್ ಕೈಕೊಡುತ್ತದೆ, ಪಾಲಕ್ ಮತ್ತು ಟೊಮೆಟೊ ಇನ್ನಷ್ಟು ದಿನ ತಡೆಯುತ್ತವೆ. ಮೀನು ಅಷ್ಟು ಉಪ್ಪಿಗೆ ಹೆದರುವುದಿಲ್ಲ. ನೈಟ್ರೈಟ್ ಏರಿದಾಗ ಕ್ಲೋರೈಡ್ ಮೀನಿನ ರಕ್ತವನ್ನು ಕಾಯುತ್ತದೆ ಕೂಡ. ಹಾಗಾಗಿ ಮೀನು ಚೆನ್ನಾಗಿದೆ ಅಂತ ಮಾಲೀಕರು ನಿಶ್ಚಿಂತರು. ಗಿಡ ಸೊರಗಿದ ಮೇಲೆ ಸಾರಜನಕ ಉಣ್ಣುವವರಿಲ್ಲದೆ ನೀರು ಕೆಡುತ್ತದೆ, ಆಗ ಮೀನಿನ ಸರದಿ. ಕಾಯಿಲೆ ಫೆಬ್ರವರಿಯಲ್ಲಿ ಶುರುವಾಗಿರುತ್ತದೆ, ಡಾಕ್ಟರಿಗೆ ಫೋನು ಬರುವುದು ಮೇ ತಿಂಗಳಲ್ಲಿ.

ಮಸ್ಕಿಯವರಿಗೆ ಒಂದು ಮಾತು. ನಿಮ್ಮ ಊರಿನ ಬಂಡೆಯ ಮೇಲೆ ಅಶೋಕನ ಹೆಸರು 1915ರಲ್ಲಿ ಸಿಕ್ಕಿತು. ಅದೇ ಅಶೋಕ ತನ್ನ ಐದನೆಯ ಸ್ತಂಭಶಾಸನದಲ್ಲಿ ಕೆಲವು ಜಾತಿಯ ಮೀನು ಕೊಲ್ಲಬಾರದು, ಕೆಲವು ದಿನ ಮೀನು ಮಾರಬಾರದು ಎಂದು ಬರೆಸಿದ. ಮೀನುಗಾರಿಕೆ ಇಲಾಖೆಯವರು ತಮ್ಮ ವಂಶಾವಳಿಯನ್ನು ಅಲ್ಲಿಂದ ಶುರು ಮಾಡಬಹುದು. ಇನ್ನು, ಬೋರು ಬಿಟ್ಟರೆ ಕಾಲುವೆ ಅನ್ನಬಹುದು. ನಿಮ್ಮ ಭಾಗದವರು 5ಎ ಕಾಲುವೆ ಬೇಕೆಂದು ಧರಣಿ ಕೂತದ್ದನ್ನು ಬಲ್ಲೆ. ನಿಮಗೆ ಕಾಲುವೆ ನೀರು ಬಳಸಿ ಅನ್ನುವಷ್ಟು ದಡ್ಡ ನಾನಲ್ಲ. ಸಿಂಧನೂರಿನವರಿಗೆ ಕಾಲುವೆ ಇದೆ, ಆದರೆ ಭತ್ತಕ್ಕೆ ಹೊಡೆಯುವ ಪೈರೆಥ್ರಾಯ್ಡ್ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲೇ ಮೀನನ್ನು ಕೊಲ್ಲುತ್ತವೆ. ಗದ್ದೆಯಿಂದ ಬಸಿದು ಹಳ್ಳಕ್ಕಿಳಿದ ನೀರನ್ನು ತೊಟ್ಟಿಗೆ ಬಿಡುವ ಮುನ್ನ ಯೋಚಿಸಿ.

ಉಳಿದದ್ದು ಮಳೆ. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್. ಸಾವಿರ ಚದರಡಿ ಆರ್‌ಸಿಸಿ ಛಾವಣಿಯಿಂದ, ಸೋರಿದ್ದು ಆರಿದ್ದು ಬಿಟ್ಟರೂ, 40 ಸಾವಿರ ಲೀಟರ್ ಸಿಗುತ್ತದೆ. ನಮ್ಮ ತೊಟ್ಟಿ ವರ್ಷಕ್ಕೆ ಕುಡಿಯುವುದು ಹೆಚ್ಚೆಂದರೆ 9 ಸಾವಿರ. ಅಂದಮೇಲೆ ಮನೆಯ ಅಕ್ವಾಪೋನಿಕ್ಸ್‌ಗೆ ಮೊದಲ ಖರ್ಚು ಮಳೆನೀರಿನ ದೋಣಿ ಮತ್ತು ನೆಲತೊಟ್ಟಿಗೆ ಆಗಬೇಕು, ಪಂಪು ಆಮೇಲೆ. ಇಷ್ಟು ಹೇಳಿ ನಾನು ಕೂತುಬಿಡಬಹುದಿತ್ತು, ಚಪ್ಪಾಳೆಯೂ ಬರುತ್ತಿತ್ತು.

ಕೂರಲು ಬಿಡದಿರುವುದು ಇನ್ನೊಂದು ಲೆಕ್ಕ. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಬ್ಯಾಕ್ಟೀರಿಯಾ 7 ಗ್ರಾಂನಷ್ಟು ಕ್ಷಾರತೆ ತಿನ್ನುತ್ತವೆ. ದಿನಕ್ಕೆ 50 ಗ್ರಾಂ ಆಹಾರ ಹಾಕಿದರೆ ಸುಮಾರು ಒಂದೂವರೆ ಗ್ರಾಂ ಸಾರಜನಕ, ಅಂದರೆ 10 ಗ್ರಾಂ ಕ್ಷಾರತೆ ಖರ್ಚು. ಮಳೆನೀರಿನಲ್ಲಿ ಅದು ಇಲ್ಲವೇ ಇಲ್ಲ. ಬರೀ ಮಳೆನೀರು ಹಾಕಿದರೆ ಪಿಎಚ್ ಕುಸಿದು ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತವೆ. ಲೀಟರಿಗೆ 400 ಮಿಲಿಗ್ರಾಂ ಕ್ಷಾರತೆಯ ಬೋರು ನೀರು 25 ಲೀಟರ್ ಹಾಕಿದರೆ? ಸರಿಯಾಗಿ 10 ಗ್ರಾಂ. ನಾನು ಅರ್ಧ ಗಂಟೆಯಿಂದ ಬೈಯುತ್ತಿರುವ ಬೋರು ನೀರೇ ಇಲ್ಲಿ ಔಷಧ. ಪಿಎಚ್ ಹಿಡಿಯಲು ಬೋರು ಬೇಕು, ಉಪ್ಪು ತಡೆಯಲು ಮಳೆ ಬೇಕು. ಎಷ್ಟಕ್ಕೆ ಎಷ್ಟು? ಗಿಡ ನೈಟ್ರೇಟ್ ಉಣ್ಣುವಾಗ ಕ್ಷಾರತೆಯನ್ನು ಸ್ವಲ್ಪ ಮರಳಿಸುತ್ತದೆ, ಅದು ಮೆಂತ್ಯಕ್ಕೊಂದು, ಟೊಮೆಟೊಗೊಂದು. ಡಿಸೆಂಬರಿನಲ್ಲಿ ಆವಿ ಕಡಿಮೆ, ಮೀನು ತಿನ್ನುವುದೂ ಕಡಿಮೆ. ಮೇ ತಿಂಗಳಲ್ಲಿ ಎರಡೂ ಏರುತ್ತವೆ, ಆದರೆ ಒಂದೇ ಪ್ರಮಾಣದಲ್ಲಿ ಏರುವುದಿಲ್ಲ. ಮಾಗಿಗೆ ಒಂದು ಬೆರಕೆ, ಬೇಸಿಗೆಗೆ ಒಂದು ಬೆರಕೆ ಇರಬೇಕು ಅಂತ ನನ್ನ ಅನುಮಾನ. ಅನುಮಾನದ ಮೇಲೆ ರೈತರಿಗೆ ಸಲಹೆ ಕೊಡಲಾಗದು.

ಎಷ್ಟೇ ಮಳೆ ಬೆರೆಸಿದರೂ ಒಂದಿಷ್ಟು ನೀರನ್ನು ಬಸಿಯಲೇಬೇಕು. ಅದು ಎಲ್ಲಿಗೆ? ತೆಂಗಿನ ಬುಡಕ್ಕೆ ಎಂದು ಸಂಘಟಕರು ಬೆಳಿಗ್ಗೆ ಹೇಳಿದರು. ತೆಂಗು ಉಪ್ಪು ತಡೆಯುತ್ತದೆ, ಒಪ್ಪಿದೆ. ಹಿತ್ತಲಿನ ಎರೆಮಣ್ಣು ತಡೆಯುತ್ತದೆಯೇ ಎಂದು ಗಂಗಾವತಿಯವರನ್ನೇ ಕೇಳಿ.

ಪ್ರಬಂಧ ಮಂಡಿಸುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಮೀನಿನ ತೂಕ, ಸೊಪ್ಪಿನ ಇಳುವರಿಯ ಚಾರ್ಟು ತೋರಿಸುವ ಮೊದಲು ನಿಮ್ಮ ನೀರು ಯಾವ ಮೂಲದ್ದು, ಅದರ ಉಪ್ಪಿನಂಶ ತೋರಿಸುವ ಇ.ಸಿ. ಎಷ್ಟು, ಕ್ಷಾರತೆ ಎಷ್ಟು ಎಂದು ಹೇಳಿ. ಹೇಳದವರಿಗೆ ನಾನು ಪ್ರಶ್ನೆ ಕೇಳುತ್ತೇನೆ, ಅಧ್ಯಕ್ಷರು ಗಂಟೆ ಬಾರಿಸಿದರೂ ಬಿಡುವುದಿಲ್ಲ. ಬಾಟಲಿ ತಂದವರು ಚಹಾ ವಿರಾಮದಲ್ಲಿ ಬಲಗಡೆಯ ಮೇಜಿಗೆ ಬನ್ನಿ. ಮೀಟರು ಅಲ್ಲಿದೆ. ಬಾಟಲಿಯ ಮೇಲೆ ಊರು, ತೊಟ್ಟಿಗೆ ನೀರು ತುಂಬಿ ಎಷ್ಟು ತಿಂಗಳಾಯಿತು ಎಂಬುದನ್ನು ಬರೆಯಿರಿ. ನಿಮ್ಮ ಹೆಸರು ಬೇಡ.